ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ

1956ನೆಯ ಇಸವಿ ಆಗಸ್ಟ್ 16ರಂದು ಕ್ಯಾಲಿಫೋರ್ನಿಯದ ಕಡಲತೀರದಲ್ಲಿರುವ ಪಾಯಿಂಟ್ ಮುಗು ಎಂಬ ನೌಕಾನೆಲೆಯಿಂದ ಒಂದು ವಿಮಾನ ಮೇಲೇರಿತು. ಅದರೊಳಗೆ ಚಾಲಕನಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ದುಡಿದು ಮುಪ್ಪಾದ ಹೆಲ್‌ಕ್ಯಾಟ್ ಜಾತಿಯ ವಿಮಾನ ಅದು. ನೆಲದ ಮೇಲೆ ಕುಳಿತವರು ರೇಡಿಯೋ ಅಲೆಗಳ ಲಗಾಮು ಹಿಡಿದು ಅದನ್ನು ನಡೆಸಬೇಕು, ಹೊಸ ಕ್ಷಿಪಣಿಗಳಿಗೆ ಅದನ್ನು ಗುರಿಯಾಗಿ ಒಡ್ಡಬೇಕು ಎಂಬುದು ಏರ್ಪಾಟು. ಆದರೆ ಏರಿದ ಸ್ವಲ್ಪ ಹೊತ್ತಿನಲ್ಲಿಯೇ ವಿಮಾನ ಲಗಾಮಿಗೆ ಬಗ್ಗದೆ ತನ್ನಿಚ್ಛೆಯಂತೆ ತಿರುಗಿ, ಲಾಸ್ ಏಂಜಲಿಸ್ ಮಹಾನಗರದ ಕಡೆಗೆ ಹೊರಟಿತು. ಗಾಬರಿಗೊಂಡ ನೌಕಾನೆಲೆಯವರು ವಾಯುಪಡೆಯ ನೆರವು ಕೋರಿದರು. ಎರಡು ಜೆಟ್ ವಿಮಾನಗಳು ಅದರ ಬೆನ್ನು ಹತ್ತಿದವು. ಒಂದೊಂದರಲ್ಲಿಯೂ 104 ರಾಕೆಟ್ಟುಗಳು. ಎರಡೂ ಸೇರಿ 208. ಆ ರಾಕೆಟ್ಟಿಗೆ ಅಮೆರಿಕನರು ಇಟ್ಟಿದ್ದ ಹೆಸರು ‘ಮೈಟಿ ಮೌಸ್’, ಎಂದರೆ ಮಹಾಮೂಷಿಕ. ಸುತ್ತಳತೆಯಲ್ಲಿ ಸಣ್ಣದು, ವ್ಯಾಸ ಕೇವಲ 70 ಮಿಲಿಮೀಟರು. ಶತ್ರುವಿನ ಬಾಂಬರ್ ವಿಮಾನಗಳನ್ನು ಕೆಡವಲೆಂದೇ ಅದನ್ನು ರೂಪಿಸಲಾಗಿತ್ತು.

ಎರಡು ವಿಮಾನಗಳೂ 208 ರಾಕೆಟ್ಟುಗಳನ್ನೂ ಹಾರಿಸಿದವು. ಒಂದಾದರೂ ಗುರಿಯನ್ನು ಕೆಡವಲಿಲ್ಲ. ಚಾಲಕನಿಲ್ಲದ ಆ ಮುದಿ ವಿಮಾನ ಯಾರ ಹಂಗೂ ಇಲ್ಲದೆ ಹಾರುತ್ತಲೇ ಇದ್ದು, ಕಡೆಗೆ ಇಂಧನ ತೀರಿ, ಪಾಮ್‌ಡೇಲ್ ಊರಿನ ಆಚೆಯ ಮರುಭೂಮಿಯಲ್ಲಿ ತಾನಾಗಿಯೇ ಬಿದ್ದಿತು. ಗುರಿ ತಪ್ಪಿದ ರಾಕೆಟ್ಟುಗಳು ಮಾತ್ರ ಬೆಟ್ಟಗಳ ಮೇಲೆಯೂ ಊರುಗಳ ಅಂಚಿನಲ್ಲಿಯೂ ಬಿದ್ದು ಸುಮಾರು 1000 ಎಕರೆ ಕುರುಚಲು ಕಾಡನ್ನು ಸುಟ್ಟವು. ಬೆಂಕಿಯಾರಿಸಲು 500 ಮಂದಿಗೆ ಎರಡು ದಿನ ಹಿಡಿಯಿತು. ಒಬ್ಬರ ಪ್ರಾಣವೂ ಹೋಗಲಿಲ್ಲವೆಂಬುದೇ ದೊಡ್ಡ ಪುಣ್ಯ.

ಈ ಹಳೆಯ ಕಥೆಯನ್ನು ಇಂದು ಕೆದಕಲು ಕಾರಣವುಂಟು. ಆ ಮೂಷಿಕದ ಸಂತತಿ ಇನ್ನೂ ಬದುಕಿದೆ. ‘ಹೈಡ್ರ’ ಎಂಬ ಹೆಸರು ಪಡೆದು, ಅದೇ 70 ಮಿಲಿಮೀಟರಿನ ಮೈಯನ್ನು ಉಳಿಸಿಕೊಂಡು, ಹೆಲಿಕಾಪ್ಟರುಗಳ ಪಕ್ಕೆಯಲ್ಲಿ ಜೋತುಬಿದ್ದು ದಶಕಗಳ ಕಾಲ ಊಳಿಗ ಮಾಡಿತು. ಈಗ ಅದು ನೆಲಕ್ಕಿಳಿದು ಮೋಟಾರುಗಾಡಿಯ ಬೆನ್ನೇರಿದೆ. ಅದಕ್ಕೆ ಒಪ್ಪಿಸಿರುವ ಕೆಲಸವಾದರೋ 1956ರಲ್ಲಿ ಅದು ಕೈಲಾಗದೆ ಬಿಟ್ಟ ಕೆಲಸವೇ: ಚಾಲಕನಿಲ್ಲದ ವಿಮಾನವನ್ನು ಕೆಡವುವುದು.

ಅಂದು ಇಲ್ಲದಿದ್ದುದು ಕಣ್ಣು. ಬಾಣ ಬಿಟ್ಟ ಮೇಲೆ ಬಾಣದ ಹಣೆಯಬರಹ ಎನ್ನುವಂತೆ, ಹಳೆಯ ರಾಕೆಟ್ಟು ಕೊಳವೆ ಬಿಟ್ಟ ಮೇಲೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಈಗ ಅದರ ಹಿಂಬದಿಯ ಎಂಜಿನ್ನಿಗೂ ಮುಂದಿನ ಸಿಡಿತಲೆಗೂ ನಡುವೆ ಒಂದು ಸಣ್ಣ ಯಂತ್ರಭಾಗವನ್ನು ಸೇರಿಸುತ್ತಾರೆ. ರಾಕೆಟ್ಟು ಹೊರಕ್ಕೆ ಚಿಮ್ಮಿದೊಡನೆ ಆ ಭಾಗದಿಂದ ನಾಲ್ಕು ಪುಟ್ಟ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ. ಕಣ್ಣುಗಳಿರುವುದು ಆ ರೆಕ್ಕೆಗಳ ಅಂಚಿನಲ್ಲಿಯೇ. ಗಾಡಿಯಲ್ಲಿ ಕುಳಿತವನು ಶತ್ರುವಿಮಾನದ ಮೇಲೆ ಲೇಸರ್ ಕಿರಣವನ್ನು ಹಾಯಿಸಿ ಕದಲದಂತೆ ಹಿಡಿಯುತ್ತಾನೆ. ಅಲ್ಲಿಂದ ಚದರಿ ಬಂದ ಬೆಳಕನ್ನು ಗುರುತಿಸಿ ರಾಕೆಟ್ಟು ತನ್ನ ದಾರಿಯನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ಅಡಕೆತೋಟದ ಕತ್ತಲಲ್ಲಿ ಯಜಮಾನ ಕಳ್ಳನ ಮೇಲೆ ಟಾರ್ಚು ಹಾಕಿ ನಿಂತರೆ, ಆ ಬೆಳಕಿನ ಕಡೆಗೆ ನಾಯಿ ನುಗ್ಗುವುದಿಲ್ಲವೆ? ಹೆಚ್ಚುಕಡಮೆ ಅದೇ ನ್ಯಾಯ. 2012ರಲ್ಲಿ ಅಮೆರಿಕದ ಸೇನೆಯ ಬಳಕೆಗೆ ಬಂದ ಈ ಉಪಾಯ ಮೊದಲಿಗೆ ನೆಲದ ಗುರಿಗಳಿಗಾಗಿ ಹುಟ್ಟಿದ್ದು. ಗುರಿಯ ಸಮೀಪಕ್ಕೆ ಬಂದರೆ ಸಾಕು, ತಾಗದಿದ್ದರೂ ತಾನೇ ಸಿಡಿಯುವ ಕೀಲನ್ನು ತರುವಾಯ ಸೇರಿಸಿದ ಮೇಲೆ ಅದು ಆಕಾಶದ ಬೇಟೆಗೂ ಒದಗಿತು.

2022ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕ ಉಕ್ರೇನಿಗೆ ಕೊಡುವುದಾಗಿ ಸಾರಿದ ಆಯುಧಗಳ ಪಟ್ಟಿಯಲ್ಲಿ ‘ವ್ಯಾಂಪೈರ್’ ಎಂಬ ವಿಚಿತ್ರ ನಾಮಧೇಯವೊಂದಿತ್ತು. ಏಳು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಹರಸಾಹಸಪಟ್ಟು ಹೊಂದಿಸಿ ‘ರಕ್ತಪಿಶಾಚಿ’ ಎಂಬ ಅರ್ಥ ಬರಿಸಿದ್ದಾರೆ. ಆಯುಧಗಳಿಗೆ ನಾಮಕರಣ ಮಾಡುವವರ ರುಚಿಯ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ಹೆಸರು ಭಯಂಕರವಾದರೂ ವಸ್ತು ಸಾಧುವಾಗಿಯೇ ಇದೆ. ಸಾಮಾನು ಸಾಗಿಸುವ ಪಿಕಪ್ ಗಾಡಿಯ ಹಿಂಬದಿಯಲ್ಲಿ ನಾಲ್ಕು ರಾಕೆಟ್ಟುಗಳ ಒಂದು ಗೂಡು. ಬೇಕೆಂದಾಗ ಮೇಲಕ್ಕೆ ಚಾಚುವ ಕಂಬದ ತುದಿಯಲ್ಲಿ ಕತ್ತಲಲ್ಲಿಯೂ ಶಾಖವನ್ನು ಕಾಣಬಲ್ಲ ಕ್ಯಾಮರಾ. ಅದರ ಜೊತೆಗೇ ಲೇಸರ್. ಇದನ್ನು ಇಂಥದೇ ಗಾಡಿಗೆ ಹೂಡಬೇಕೆಂಬ ಕಟ್ಟಳೆಯಿಲ್ಲ. ಯಾವ ಪಿಕಪ್ ಗಾಡಿಗೇ ಆಗಲಿ ಇಬ್ಬರು ಸೇರಿ ಸುಮಾರು ಎರಡು ಗಂಟೆಯಲ್ಲಿ ಜೋಡಿಸಬಹುದೆಂದು ತಯಾರಕರು ಹೇಳುತ್ತಾರೆ. ಅಂಥ 14 ಘಟಕಗಳಿಗೆ 2023ರ ಜನವರಿಯಲ್ಲಿ 4 ಕೋಟಿ ಡಾಲರಿನ ಕರಾರಾಯಿತು. ಉಕ್ರೇನಾದರೋ ನಮ್ಮ ಕರ್ನಾಟಕದ ಮೂರರಷ್ಟು ವಿಸ್ತಾರವಾದ ದೇಶ. ಹದಿನಾಲ್ಕು ಗಾಡಿಗಳು ಅದರ ಯಾವ ಮೂಲೆಗೆ ಸಾಕಾದಾವು?

ಅವು ಎದುರಿಸಬೇಕಾದ ಪ್ರಾಣಿಯ ಪರಿಚಯವೂ ಆಗಬೇಕು. ಇರಾನ್ ರೂಪಿಸಿದ ‘ಶಾಹೆದ್’ ಎಂಬ ಡ್ರೋನ್ 2022ರ ಸೆಪ್ಟೆಂಬರಿನಲ್ಲಿ ಉಕ್ರೇನಿನ ಆಕಾಶದಲ್ಲಿ ಕಾಣಿಸಿಕೊಂಡಿತು. ಶಾಹೆದ್ ಎಂದರೆ ಸಾಕ್ಷಿ. ರಷ್ಯದವರು ಅದನ್ನು ತಮ್ಮ ಯೆಲಾಬುಗ ಪಟ್ಟಣದ ಕಾರ್ಖಾನೆಯಲ್ಲಿ ತಾವೇ ತಯಾರಿಸತೊಡಗಿ ‘ಗೆರಾನ್’ ಎಂದು ಹೆಸರಿಟ್ಟರು. ಅದು ಮನೆಯಂಗಳದ ಕುಂಡದಲ್ಲಿ ಬೆಳೆಸುವ ಒಂದು ಹೂವಿನ ಹೆಸರು. ಸುಮಾರು ಮೂರೂವರೆ ಮೀಟರು ಉದ್ದ, ತ್ರಿಕೋನಾಕಾರದ ರೆಕ್ಕೆ, 200 ಕಿಲೋ ತೂಕ, ಮೂತಿಯಲ್ಲಿ 40–50 ಕಿಲೋ ಸಿಡಿಮದ್ದು. ಹಿಂದೆ ಒಂದು ಸಣ್ಣ ಎಂಜಿನ್ನು ಬಡಬಡಿಸುತ್ತ ಗಂಟೆಗೆ 180 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಅದನ್ನು ತಳ್ಳುತ್ತದೆ. ಜೆಟ್ ಯುಗದಲ್ಲಿ ಇದು ಎತ್ತಿನಗಾಡಿಯ ವೇಗವೇ ಸರಿ. ಆದರೆ ಸಾವಿರ ಕಿಲೋಮೀಟರಿಗೂ ಮೇಲ್ಪಟ್ಟ ದೂರವನ್ನು ಅದು ದಣಿವಿಲ್ಲದೆ ಕ್ರಮಿಸುತ್ತದೆ. ಅದರ ಸದ್ದು ಕೇಳಿ ಉಕ್ರೇನಿನ ಜನ ಅದಕ್ಕೆ ‘ಮೊಪೆಡ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ನಡುರಾತ್ರಿ ಮಕ್ಕಳನ್ನೆತ್ತಿಕೊಂಡು ನೆಲಮಾಳಿಗೆಗೆ ಇಳಿಯುವ ತಾಯಂದಿರಿಗೆ ಆ ಸದ್ದು ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2022ರ ಅಕ್ಟೋಬರ್ 17ರ ಬೆಳಗ್ಗೆ ರಾಜಧಾನಿ ಕೀವ್ ನಗರದ ಒಂದು ವಾಸದ ಕಟ್ಟಡಕ್ಕೆ ಈ ಮೊಪೆಡ್ಡು ಬಡಿದಾಗ ಸತ್ತವರಲ್ಲಿ ಒಬ್ಬ ಗರ್ಭಿಣಿಯೂ ಆಕೆಯ ಗಂಡನೂ ಇದ್ದರು.

ಇಂಥ ನಿಧಾನಗಾಮಿಯನ್ನು ಹೊಡೆದುರುಳಿಸಲು ಬಲಿಷ್ಠ ಕ್ಷಿಪಣಿಗಳಿಲ್ಲವೆ? ಧಾರಾಳವಾಗಿವೆ. ಕಷ್ಟವಿರುವುದು ಕೌಶಲದಲ್ಲಲ್ಲ, ಲೆಕ್ಕದ ಪುಸ್ತಕದಲ್ಲಿ. ಅಮೆರಿಕದ ‘ಪೇಟ್ರಿಯಟ್’ ವ್ಯವಸ್ಥೆಯ ಹೊಸ ಕ್ಷಿಪಣಿಯೊಂದಕ್ಕೆ ಸುಮಾರು 40 ಲಕ್ಷ ಡಾಲರು, ನಮ್ಮ ಹಣದಲ್ಲಿ 30 ಕೋಟಿ ರೂಪಾಯಿಗೂ ಮೇಲು. ಶಾಹೆದ್ದಿನ ಬೆಲೆಯನ್ನು ತಿಳಿದವರು 20,000ದಿಂದ 50,000 ಡಾಲರಿನವರೆಗೆ ಅಂದಾಜು ಮಾಡುತ್ತಾರೆ. ಎಂದರೆ ಬೆಂಗಳೂರಿನಲ್ಲಿ ಕೊಂಚ ಸ್ಥಿತಿವಂತರು ಕೊಳ್ಳುವ ಮೋಟಾರುಕಾರಿನ ಬೆಲೆ. ಒಂದು ಪೇಟ್ರಿಯಟ್ಟಿನ ಹಣಕ್ಕೆ ಎಂಬತ್ತರಿಂದ ಇನ್ನೂರು ಶಾಹೆದ್ದುಗಳು! ಹಣವಾದರೂ ಹೋಗಲಿ, ಸಾಲಸೋಲ ಮಾಡಿ ತರಬಹುದು. ವಸ್ತುವೇ ಸಿಕ್ಕಬೇಕಲ್ಲ? 2024ರ ಇಡೀ ವರ್ಷದಲ್ಲಿ ಆ ಜಾತಿಯ ಕ್ಷಿಪಣಿಗಳು ತಯಾರಾದದ್ದು ಸುಮಾರು 500. 2025ರ ಸೆಪ್ಟೆಂಬರ್ 7ರ ಒಂದೇ ರಾತ್ರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಬಿಟ್ಟ ಡ್ರೋನುಗಳು 810 ಎಂದು ಉಕ್ರೇನಿನ ವಾಯುಪಡೆ ಲೆಕ್ಕ ಕೊಟ್ಟಿತು. ಅವುಗಳಲ್ಲಿ ಹಲವು ಸಿಡಿಮದ್ದಿಲ್ಲದ ಪೊಳ್ಳು ಡ್ರೋನುಗಳು; ಕಾವಲುಗಾರರನ್ನು ಏಮಾರಿಸಲು ಬಿಡುವ ಬೆದರುಬೊಂಬೆಗಳು.

ಮಹಾಭಾರತ ಓದಿದವರಿಗೆ ಈ ತಂತ್ರ ಹೊಸದೆನಿಸದು. ಕವಚಕುಂಡಲಗಳನ್ನು ಕಿತ್ತುಕೊಟ್ಟು ಕರ್ಣ ಇಂದ್ರನಿಂದ ಪಡೆದ ಶಕ್ತ್ಯಾಯುಧ ಒಂದೇ ಬಾರಿಗೆ ಸಲ್ಲುವಂಥದು. ಅರ್ಜುನನಿಗೆಂದು ಅದನ್ನು ಮೀಸಲಿಟ್ಟಿದ್ದ. ದ್ರೋಣಪರ್ವದ ರಾತ್ರಿಯುದ್ಧದಲ್ಲಿ ಕೃಷ್ಣ ಮುಂದೆ ಮಾಡಿದ್ದು ಅರ್ಜುನನನ್ನಲ್ಲ, ಘಟೋತ್ಕಚನನ್ನು. ಕತ್ತಲಲ್ಲಿ ಆಕಾಶದಿಂದ ಎರಗುವ ಆ ರಾಕ್ಷಸನ ಹಾವಳಿಯನ್ನು ತಾಳಲಾರದೆ ಕೌರವಸೇನೆ ಮೊರೆಯಿಟ್ಟಿತು. ಕರ್ಣ ಮೀಸಲನ್ನು ಮುರಿದ. ಘಟೋತ್ಕಚ ಬಿದ್ದ, ಕೌರವರು ಉಬ್ಬಿದರು, ಕೃಷ್ಣ ಮಾತ್ರ ಸಂತೋಷದಿಂದ ಕುಣಿದ. ಇಂದು ರಾತ್ರಿಯ ಡ್ರೋನುಗಳನ್ನು ಕಳಿಸುವವರೂ ಕಾಯುತ್ತಿರುವುದು ಅಂಥದೇ ಗಳಿಗೆಗೆ. ಅಮೂಲ್ಯ ಕ್ಷಿಪಣಿಗಳು ಅಗ್ಗದ ಡ್ರೋನುಗಳ ಮೇಲೆ ವ್ಯಯವಾದರೆ, ಹಿಂದೆಯೇ ಬರುವ, ಶಬ್ದಕ್ಕಿಂತ ಹಲವು ಪಟ್ಟು ವೇಗದ ಕ್ಷಿಪಣಿಗಳನ್ನು ತಡೆಯಲು ಏನೂ ಉಳಿಯುವುದಿಲ್ಲ. ಆದುದರಿಂದಲೇ ಉಕ್ರೇನಿನವರು ಪೇಟ್ರಿಯಟ್ಟನ್ನು ಆದಷ್ಟೂ ಆ ವೇಗದ ಕ್ಷಿಪಣಿಗಳಿಗೇ ಕಾದಿರಿಸುತ್ತಾರೆ.

ಎಲ್ಲರಿಗೂ ಈ ಸಂಯಮ ಸಾಧ್ಯವಾಗಿಲ್ಲ. ಅಂಗಡಿಯಲ್ಲಿ 200 ಡಾಲರಿಗೆ ಸಿಗುವ ಆಟಿಕೆಯಂಥ ಡ್ರೋನನ್ನು ತಮ್ಮ ಮಿತ್ರರಾಷ್ಟ್ರವೊಂದು ಸುಮಾರು 30 ಲಕ್ಷ ಡಾಲರಿನ ಪೇಟ್ರಿಯಟ್ಟಿನಿಂದ ಹೊಡೆಯಿತೆಂದು ಅಮೆರಿಕದ ಜನರಲ್ ಡೇವಿಡ್ ಪರ್ಕಿನ್ಸ್ 2017ರಲ್ಲಿ ಒಂದು ಸಭೆಯಲ್ಲಿ ಹೇಳಿದರು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೆಂಬ ನಮ್ಮ ಮಾತಿಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಸಿಗಲಾರದು. ಗುಬ್ಬಿ ಸತ್ತಿತು, ನಿಜ. ಜನರಲ್ಲರಿಗೆ ಕಳವಳವಾದದ್ದು ಅಸ್ತ್ರ ತೀರಿದ ಬಗ್ಗೆ. 2025ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಗಡಿಯೊಳಗೆ ಇಪ್ಪತ್ತರಷ್ಟು ಡ್ರೋನುಗಳು ನುಸುಳಿದಾಗಲೂ ಅವುಗಳ ಮೇಲೆ ಎದ್ದದ್ದು ಜಗತ್ತಿನ ಅತಿ ದುಬಾರಿ ಯುದ್ಧವಿಮಾನಗಳು.

ಈ ಹಿನ್ನೆಲೆಯಲ್ಲಿ ನೋಡಿದಾಗ ಗಾಡಿಯ ಮೇಲಿನ ಸಣ್ಣ ರಾಕೆಟ್ಟಿನ ಬೆಲೆ ತಿಳಿಯುತ್ತದೆ. ಕಣ್ಣುಳ್ಳ ಒಂದು ರಾಕೆಟ್ಟಿಗೆ ತಗಲುವುದು 25–30 ಸಾವಿರ ಡಾಲರು. ಹೊಡೆಯುವುದರ ಬೆಲೆಯೂ ಹೊಡೆಸಿಕೊಳ್ಳುವುದರ ಬೆಲೆಯೂ ತಕ್ಕಡಿಯಲ್ಲಿ ಹೆಚ್ಚುಕಡಮೆ ಸರಿತೂಗುತ್ತವೆ. ಕೊಲ್ಲುವ ಶಕ್ತಿಯಲ್ಲಿ ಇದು ಬಡವ. ಆದರೆ ದಿನವೂ ಬರುವ ಶತ್ರುವಿಗೆ ದಿನವೂ ಉತ್ತರ ಕೊಡಬಲ್ಲುದು ಇಂಥ ಬಡವನೇ ಹೊರತು, ವರ್ಷಕ್ಕೊಮ್ಮೆ ಭಂಡಾರದಿಂದ ಹೊರಬರುವ ದಿವ್ಯಾಸ್ತ್ರವಲ್ಲ.

ನಮ್ಮ ದೇಶಕ್ಕೂ ಈ ಪಾಠ ದೂರದ್ದಾಗಿ ಉಳಿದಿಲ್ಲ. 2025ರ ಮೇ ತಿಂಗಳ 8–9ರ ನಡುವಿನ ರಾತ್ರಿ ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಕಡೆಗಳಲ್ಲಿ ಪಾಕಿಸ್ತಾನವು 300ರಿಂದ 400 ಡ್ರೋನುಗಳನ್ನು ನುಗ್ಗಿಸಿತೆಂದು ಭಾರತ ಸರ್ಕಾರ ಪ್ರಕಟಿಸಿತು. ಆಗ ನೆರವಿಗೆ ಬಂದವುಗಳಲ್ಲಿ ಎಲ್-70 ತೋಪೂ ಷಿಲ್ಕಾ ತೋಪುಗಾಡಿಯೂ ಸೇರಿದ್ದವು. ಎರಡೂ ಕಳೆದ ಶತಮಾನದ ವಿನ್ಯಾಸಗಳು. ಒಂದು ಸ್ವೀಡನ್ನಿನ ಮೂಲದ್ದು, ಇನ್ನೊಂದು ಸೋವಿಯತ್ ಒಕ್ಕೂಟದ್ದು. ಗುಜರಿಗೆ ಹೋಗಬೇಕಾಗಿದ್ದ ಈ ಮುದುಕರಿಗೆ ಹೊಸ ಕ್ಯಾಮರಾ, ಹೊಸ ಗುರಿಯಂತ್ರಗಳನ್ನು ಅಳವಡಿಸಿ ಮರುಹುಟ್ಟು ಕೊಟ್ಟದ್ದು ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ. ಜಾಲಹಳ್ಳಿಯ ಕಡೆ ಬಸ್ಸಿನಲ್ಲಿ ಹೋಗುವವರು ದಿನವೂ ನೋಡುವ ಕಾರ್ಖಾನೆಯೇ ಅದು. ಹಳೆಯ ಮೈಗೆ ಹೊಸ ಕಣ್ಣೆಂಬ ಉಪಾಯ ಅಮೆರಿಕದ ರಾಕೆಟ್ಟಿಗೂ ನಮ್ಮ ತೋಪಿಗೂ ಒಂದೇ. ಅದೇ ಮೇ 13ರಂದು ಒಡಿಶಾದ ಗೋಪಾಲಪುರದಲ್ಲಿ ‘ಭಾರ್ಗವಾಸ್ತ್ರ’ವೆಂಬ ಹೆಸರಿನ, ಗಾಡಿಯ ಮೇಲೆ ಹೂಡಬಹುದಾದ ಕಿರುರಾಕೆಟ್ಟುಗಳ ಪರೀಕ್ಷೆಯೂ ಆಯಿತು. ಎರಡೂವರೆ ಕಿಲೋಮೀಟರಿನೊಳಗೆ ಬಂದ ಸಣ್ಣ ಡ್ರೋನುಗಳ ಗುಂಪನ್ನು ಚದರಿಸುವುದು ಅದರ ಉದ್ದೇಶ. ನಮ್ಮಲ್ಲಿ ಆ ಹಾವಳಿ ಕೆಲವೇ ರಾತ್ರಿಗಳಲ್ಲಿ ಮುಗಿಯಿತು. ಉಕ್ರೇನಿನಲ್ಲಿ ಅದು ವರ್ಷಗಟ್ಟಲೆ ಎಡೆಬಿಡದೆ ನಡೆದಿರುವುದರಿಂದ, ಗಾಡಿಯ ಮೇಲಿನ ಕಾವಲು ಹೇಗೆ ನಡೆಯುತ್ತದೆಂದು ತಿಳಿಯಬೇಕಾದರೆ ಮತ್ತೆ ಅಲ್ಲಿಗೇ ಹೋಗಬೇಕು.

ಕಾವಲಿನ ಮೊದಲ ಕೆಲಸ ನೋಡುವುದಲ್ಲ, ಆಲಿಸುವುದು. ತಗ್ಗಿನಲ್ಲಿ ಹಾರುವ ಡ್ರೋನ್ ರೇಡಾರಿನ ಕಣ್ಣಿಗೆ ಬೀಳದೆ ನುಸುಳಬಲ್ಲದು. ಅದರ ಎಂಜಿನ್ನಿನ ಬಡಬಡಿಕೆಯನ್ನು ಮಾತ್ರ ಬಚ್ಚಿಡಲಾಗದು. ಆದುದರಿಂದ ದೇಶದುದ್ದಕ್ಕೂ ಕಂಬಗಳ ಮೇಲೆ ಸುಮಾರು 10,000 ಮೈಕ್ರೋಫೋನುಗಳನ್ನು ಕಟ್ಟಿದ್ದಾರೆ. ಒಂದಕ್ಕೆ 400–500 ಡಾಲರು. ಹತ್ತು ಸಾವಿರಕ್ಕೂ ಸೇರಿ ಎರಡು ಪೇಟ್ರಿಯಟ್ ಕ್ಷಿಪಣಿಗಳ ಬೆಲೆಯೂ ಆಗುವುದಿಲ್ಲ! ಒಂದು ಕಂಬ ಕೇಳಿದ ಸದ್ದನ್ನು ಮುಂದಿನ ಕಂಬ, ಅದರಾಚೆಯ ಕಂಬ ಕೇಳುತ್ತ ಹೋದಂತೆ ಡ್ರೋನಿನ ಹಾದಿ ನಕ್ಷೆಯ ಮೇಲೆ ಮೂಡುತ್ತದೆ. ಆ ಹಾದಿಗೆ ಅಡ್ಡಲಾಗಿ ಗಾಡಿಗಳು ಧಾವಿಸುತ್ತವೆ. ಆಯುಧ ಗಾಡಿಯ ಮೇಲೆಯೇ ಇರಬೇಕೆಂಬುದರ ಮರ್ಮ ಇದು. ಒಂದೆಡೆ ನೆಟ್ಟ ತೋಪನ್ನು ಶತ್ರು ಎರಡೇ ದಿನದಲ್ಲಿ ಗುರುತಿಸಿ, ಅದರ ಮಗ್ಗುಲಿನಿಂದ ಹಾದುಹೋಗುವ ದಾರಿಯನ್ನು ಡ್ರೋನಿಗೆ ಕಲಿಸುತ್ತಾನೆ. ಗಾಡಿ ಇಂದು ಇದ್ದಲ್ಲಿ ನಾಳೆ ಇರುವುದಿಲ್ಲ.

ಹೆಚ್ಚಿನ ಗಾಡಿಗಳಲ್ಲಿ ಲೇಸರೂ ಇಲ್ಲ, ರಾಕೆಟ್ಟೂ ಇಲ್ಲ. ಇರುವುದು ಮೆಷಿನ್‌ಗನ್, ಒಂದು ಶೋಧಕ ದೀಪ. ಕೀವ್ ಬಳಿಯ ಬುಚಾ ಪಟ್ಟಣದಲ್ಲಿ ಇಂಥ ಒಂದು ಸ್ವಯಂಸೇವಕ ದಳದಲ್ಲಿ ಇರುವವರೆಲ್ಲ ಬಹುಪಾಲು ಹೆಂಗಸರು. ‘ಬುಚಾದ ಮಾಟಗಾತಿಯರು’ ಎಂದು ಅವರು ಹೆಸರಾಗಿದ್ದಾರೆ. ಪಶುವೈದ್ಯೆ, ಗಣಿತದ ಉಪಾಧ್ಯಾಯಿನಿ, ಹೀಗೆ ಹಗಲು ತಮ್ಮ ತಮ್ಮ ಉದ್ಯೋಗದಲ್ಲಿರುವವರು ರಾತ್ರಿ ಸರದಿಯ ಮೇಲೆ ಬಂದು 1939ರಷ್ಟು ಹಳೆಯ ಮ್ಯಾಕ್ಸಿಮ್ ಬಂದೂಕುಗಳ ಹಿಂದೆ ಕೂರುತ್ತಾರೆ. ಮರುದಿನದ ಪಾಠಕ್ಕೆ ಅವರು ಎಷ್ಟು ಗಂಟೆಯ ನಿದ್ದೆ ಮಾಡಿ ಹೋಗುತ್ತಾರೋ! ಆದರೆ ಬಂದೂಕಿಗೆ ಮಿತಿಯುಂಟು. 2025ರ ವೇಳೆಗೆ ರಷ್ಯದವರು ಡ್ರೋನುಗಳನ್ನು ಎರಡು ಮೂರು ಕಿಲೋಮೀಟರು ಎತ್ತರದಲ್ಲಿ ಹಾರಿಸಿಕೊಂಡು ಬಂದು ಕೊನೆಯಲ್ಲಿ ಕೆಳಕ್ಕೆ ಎರಗಿಸತೊಡಗಿದರು. ಮ್ಯಾಕ್ಸಿಮ್ ಬಂದೂಕಿನ ಗುಂಡು ಅಷ್ಟು ಎತ್ತರಕ್ಕೆ ನಿಲುಕದು. ರಾಕೆಟ್ಟಿನ ಅಗತ್ಯ ತೀವ್ರವಾದದ್ದು ಆಗ.

ಆ ಅಗತ್ಯ ಹೆಚ್ಚಿದ ಹೊತ್ತಿಗೇ ಸರಬರಾಜು ತಪ್ಪಿದ್ದು ಮಾತ್ರ ವಿಪರ್ಯಾಸ. ಉಕ್ರೇನಿಗೆ ಗೊತ್ತುಮಾಡಿದ್ದ 20,000 ಡ್ರೋನ್-ವಿರೋಧಿ ಕ್ಷಿಪಣಿಗಳನ್ನು ಅಮೆರಿಕ ಪಶ್ಚಿಮ ಏಷ್ಯದ ತನ್ನ ಪಡೆಗಳಿಗೆ ತಿರುಗಿಸಿತೆಂದು ಅಧ್ಯಕ್ಷ ಜೆಲೆನ್‌ಸ್ಕಿ 2025ರ ಜೂನ್ ತಿಂಗಳಿನಲ್ಲಿ ಹೇಳಿದರು. ಅಲ್ಲಿ ಅಮೆರಿಕದ ಯುದ್ಧವಿಮಾನಗಳೂ ಯೆಮನ್ನಿನ ಹೌತಿಗಳ ಡ್ರೋನುಗಳನ್ನು ಇದೇ 70 ಮಿಲಿಮೀಟರಿನ ರಾಕೆಟ್ಟಿನಿಂದ ಹೊಡೆಯುವುದನ್ನು ಕಲಿತಿದ್ದವು. ಅಗ್ಗದ ಬಾಣ ಒಳ್ಳೆಯದೆಂದು ಎಲ್ಲರಿಗೂ ಏಕಕಾಲದಲ್ಲಿ ತಿಳಿದರೆ ಬತ್ತಳಿಕೆ ಎಲ್ಲಿಂದ ತುಂಬಬೇಕು? ಉಕ್ರೇನಿನವರು ಕೈಕಟ್ಟಿ ಕೂರದೆ, ಕೆಲವೇ ಸಾವಿರ ಡಾಲರಿನಲ್ಲಿ ಆಗುವ ಪುಟ್ಟ ಬೇಟೆಡ್ರೋನುಗಳನ್ನು ತಾವೇ ಕಟ್ಟಿ ಶಾಹೆದ್ದಿಗೆ ಡಿಕ್ಕಿ ಹೊಡೆಸತೊಡಗಿದರು. ಅತ್ತ ರಷ್ಯದವರು ಜೆಟ್ ಎಂಜಿನ್ನಿನ, ಗಂಟೆಗೆ 300 ಕಿಲೋಮೀಟರು ಮೀರುವ ಗೆರಾನುಗಳನ್ನು ಹೊರತಂದರು. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ, ಅದಕ್ಕೆ ವಾಯವ್ಯಾಸ್ತ್ರ ಎಂಬ ಸರಣಿ ಪುರಾಣದಲ್ಲಿ ಒಂದು ಸಂಧಿಯೊಳಗೆ ಮುಗಿಯುತ್ತದೆ. ಇಲ್ಲಿ ಅದು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದೆ.

ಲೇಸರಿನ ರಾಕೆಟ್ಟಿಗೆ ತನ್ನದೇ ದೌರ್ಬಲ್ಯಗಳೂ ಇವೆ. ಮೋಡ, ಮಂಜು, ದಟ್ಟ ಹೊಗೆಗಳಲ್ಲಿ ಕಿರಣ ಚದರಿಹೋಗುತ್ತದೆ. ಉಕ್ರೇನಿನ ಚಳಿಗಾಲವೋ ಮಂಜಿನದೇ ರಾಜ್ಯ. ರಾಕೆಟ್ಟು ಗುರಿ ಮುಟ್ಟುವ ತನಕ ಕಿರಣವನ್ನು ಅದರ ಮೇಲೆಯೇ ಹಿಡಿದಿರಬೇಕಾದುದರಿಂದ ಒಂದು ಗಾಡಿ ಒಮ್ಮೆಗೆ ಒಂದನ್ನೇ ಹೊಡೆಯಬಲ್ಲದು. ಹತ್ತು ಒಟ್ಟಿಗೆ ಬಂದರೆ ಒಂದನ್ನು ಆರಿಸಿಕೊಳ್ಳಬೇಕು. ನಾಲ್ಕು ಹಾರಿಸಿದ ಮೇಲೆ ಗೂಡು ಬರಿದು. ಕತ್ತಲಲ್ಲಿ ಕೈಯಿಂದ ಮತ್ತೆ ತುಂಬಬೇಕು.

ಹೊಡೆದುದು ಎಲ್ಲಿ ಬೀಳುತ್ತದೆಂಬ ಪ್ರಶ್ನೆ ಇವೆಲ್ಲಕ್ಕಿಂತ ಭಾರವಾದದ್ದು. ಪಾಮ್‌ಡೇಲಿನಲ್ಲಿ ವಿಮಾನಕ್ಕಿಂತ ಹೆಚ್ಚು ಕೆಡುಕು ಮಾಡಿದ್ದು ಅದನ್ನು ಕೆಡವಲು ಹೊರಟ ರಾಕೆಟ್ಟುಗಳಲ್ಲವೆ? ಶಾಹೆದ್ದನ್ನು ಆಕಾಶದಲ್ಲಿ ಮುರಿದರೂ ಮೂತಿಯಲ್ಲಿನ ಮದ್ದು ಕೆಲವೊಮ್ಮೆ ಸಿಡಿಯದೆ, ಉರಿಯುವ ಇಂಧನದೊಡನೆ ಕೆಳಕ್ಕೆ ಬರುತ್ತದೆ. ಹಾಗೆ ಬಿದ್ದ ಚೂರುಗಳಿಂದ ಕೀವ್ ನಗರದ ಬಹುಮಹಡಿ ಮನೆಗಳು ಉರಿದುದುಂಟು, ಜನ ಸತ್ತುದುಂಟು. ಆದುದರಿಂದ ಗಾಡಿಗಳನ್ನು ಆದಷ್ಟೂ ಊರಿನ ಹೊರಗೆ, ಗೋಧಿಯ ಹೊಲ, ಸೂರ್ಯಕಾಂತಿಯ ಹೊಲಗಳ ನಡುವೆ ನಿಲ್ಲಿಸುತ್ತಾರೆ. ಕೆಡವುವುದಾದರೆ ಅಲ್ಲಿ ಕೆಡವಬೇಕು. ಗಂಟೆಗೆ 180 ಕಿಲೋಮೀಟರಿನ ವೇಗದಲ್ಲಿ ಬರುವ ಡ್ರೋನ್ ಐದು ಕಿಲೋಮೀಟರು ಕ್ರಮಿಸಲು ತೆಗೆದುಕೊಳ್ಳುವುದು ನೂರೇ ಸೆಕೆಂಡು. ಅಷ್ಟರೊಳಗೆ ಕ್ಯಾಮರಾದಲ್ಲಿ ಆ ಬಿಸಿಚುಕ್ಕೆಯನ್ನು ಹಿಡಿಯಬೇಕು, ನಮ್ಮದಲ್ಲವೆಂದು ಖಚಿತ ಮಾಡಿಕೊಳ್ಳಬೇಕು, ಕೆಳಗೆ ಹಳ್ಳಿಯಿಲ್ಲವೆಂದು ನಕ್ಷೆ ನೋಡಬೇಕು, ಕಿರಣವನ್ನು ನಿಲ್ಲಿಸಿ ಗುಂಡಿ ಒತ್ತಬೇಕು. ತಪ್ಪಿದರೆ ಅದು ಮುಂದಿನ ಗಾಡಿಯ ಪಾಲು. ಅಲ್ಲಿಯೂ ತಪ್ಪಿದರೆ ಅದರಾಚೆಯದರ ಪಾಲು. 2025ರ ಸೆಪ್ಟೆಂಬರ್ 7ರ ಆ ರಾತ್ರಿ 810ರಲ್ಲಿ 747 ಡ್ರೋನುಗಳನ್ನು ಹೊಡೆದೋ ದಾರಿ ತಪ್ಪಿಸಿಯೋ ನಿವಾರಿಸಿದುದಾಗಿ ಉಕ್ರೇನ್ ತಿಳಿಸಿತು. ಉಳಿದ ಅರವತ್ತು ಚಿಲ್ಲರೆ ಡ್ರೋನುಗಳು ಕೊನೆಯ ಗಾಡಿಯನ್ನೂ ದಾಟಿದವು. ಕೊನೆಯ ಗಾಡಿಯ ಬೆನ್ನಿಗಿರುವುದು ಊರು.